ದಸರಾ ಟೈಮಲ್ಲಿ ಮೈಸೂರು ಅರಮನೆ: ಯಾವ ದಿನ, ಯಾವ ಬಾಗಿಲು, ಎಷ್ಟೊತ್ತಿಗೆ

ನಮ್ಮನೆ ಇರೋದು ಮೈಸೂರಿನ ಅಗ್ರಹಾರದಲ್ಲಿ, ಅರಮನೆಗೆ ನಡ್ಕೊಂಡು ಹೋದ್ರೆ ಹತ್ತು ಹದಿನೈದು ನಿಮಿಷ ಅಷ್ಟೇ. ಅದಕ್ಕೇ ದಸರಾ ಬಂತು ಅಂದ್ರೆ ನಮ್ಮನೆ ಮನೆಯಾಗಿರಲ್ಲ, ಛತ್ರ ಆಗ್ಬಿಡುತ್ತೆ. ಹಾಲ್‌ನಲ್ಲಿ ಚಾಪೆ, ರೂಮಲ್ಲಿ ಚಾಪೆ, ಬಚ್ಚಲುಮನೆ ಮುಂದೆ ಕ್ಯೂ. ಬಂದವರನ್ನೆಲ್ಲಾ ಅರಮನೆಗೆ ಕರ್ಕೊಂಡು ಹೋಗೋ ಡ್ಯೂಟಿ ಸ್ಕೂಲಿಗೆ ಹೋಗ್ತಿದ್ದಾಗಿಂದ ನಂದೇ. ಈಗಲೂ ಸೆಪ್ಟೆಂಬರ್ ಬಂದ್ರೆ ಸಾಕು ಫೋನ್ ಶುರು, ಯಾವಾಗ ಬರ್ಲಿ, ಟಿಕೆಟ್ ಎಲ್ಲಿ, ಪಾಸ್ ಸಿಗುತ್ತಾ ಅಂತ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೆ ಒಂದೇ ಸಲ ಕೂತು ಎಲ್ಲಾ ಬರೆದುಬಿಡೋಣ ಅಂತ.

ಹೇಗೆ ಬರಬಾರದು ಅನ್ನೋದನ್ನ ಮೊದಲು ಹೇಳ್ತೀನಿ. ಒಂದು ವರ್ಷ ತಿಪಟೂರಿಂದ ನಮ್ಮ ಸೋದರಮಾವ, ಅತ್ತೆ, ಮಕ್ಕಳು ಎಲ್ಲಾ ಸೇರಿ ಏಳು ಜನ ವಿಜಯದಶಮಿ ದಿನ ಬೆಳಗ್ಗೆ ಬಂದಿಳಿದ್ರು. ಮಾವನ ಪ್ಲಾನ್ ಏನಪ್ಪಾ ಅಂದ್ರೆ ಬೆಳಗ್ಗೆ ಅರಮನೆ ಒಳಗೆ ನೋಡೋದು, ಮಧ್ಯಾಹ್ನ ಜಂಬೂಸವಾರಿ, ಸಂಜೆ ಲೈಟಿಂಗ್, ರಾತ್ರಿ ಬಸ್ ಹತ್ತಿ ವಾಪಸ್. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆಗಿದ್ದೇನು ಅಂದ್ರೆ ಬೆಳಗ್ಗೆ ಗೇಟಲ್ಲೇ ಪೊಲೀಸ್ನೋರು ಇವತ್ತು ಸಾರ್ವಜನಿಕರಿಗೆ ಒಳಗೆ ಬಿಡಲ್ಲ ಅಂತ ವಾಪಸ್ ಕಳಿಸಿದ್ರು, ಮಧ್ಯಾಹ್ನ ಸಯ್ಯಾಜಿರಾವ್ ರಸ್ತೆಯಲ್ಲಿ ಆರು ಸಾಲು ಜನರ ಹಿಂದೆ ನಿಂತು ಮಾವನಿಗೆ ಕಂಡಿದ್ದು ಅಂಬಾರಿಯ ಮೇಲ್ತುದಿ, ಮಕ್ಕಳಿಗೆ ಕಂಡಿದ್ದು ಮುಂದಿನವರ ಬೆನ್ನು, ಲೈಟಿಂಗ್ ನೋಡಿದ್ದು ಬಸ್ ಸ್ಟ್ಯಾಂಡ್‌ಗೆ ಓಡೋವಾಗ ದೂರದಿಂದ. ಮಾವ ಈಗಲೂ "ನಿಮ್ಮೂರ ಅರಮನೆ ಬಾಗಿಲು ಚೆನ್ನಾಗಿದೆ ಕಣೋ" ಅಂತ ಚುಚ್ತಾರೆ.

ಮಾವ ಮಾಡಿದ್ದು ಒಂದೇ ತಪ್ಪು. ದಸರಾದಲ್ಲಿ ಅರಮನೆ ಒಳಗೆ ನೋಡೋದು ಒಂದು ಕೆಲಸ, ರಾತ್ರಿ ದೀಪ ನೋಡೋದು ಇನ್ನೊಂದು, ಜಂಬೂಸವಾರಿ ನೋಡೋದು ಮತ್ತೊಂದು. ಮೂರಕ್ಕೂ ಬೇರೆ ದಿನ, ಬೇರೆ ಬಾಗಿಲು, ಬೇರೆ ಟೈಮು. ಒಂದೇ ದಿನಕ್ಕೆ ಮೂರನ್ನೂ ತುರುಕಿದ್ರೆ ಯಾವುದೂ ಸಿಗಲ್ಲ. ಇದೊಂದನ್ನ ತಲೆಯಲ್ಲಿ ಇಟ್ಕೊಂಡ್ರೆ ಉಳಿದಿದ್ದೆಲ್ಲಾ ಸಲೀಸು.

ಹಂತ 1: ದಿನ ಆರಿಸ್ಕೊಳ್ಳಿ (ಇದೇ ಅರ್ಧ ಕೆಲಸ)

ದಸರಾ ಶುರುವಾಗೋದು ಪಾಡ್ಯದ ದಿನ ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆಯಿಂದ, ಮುಗಿಯೋದು ವಿಜಯದಶಮಿ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿಗೆ. ಸಾಮಾನ್ಯವಾಗಿ ಹತ್ತು ದಿನ, ತಿಥಿ ಲೆಕ್ಕದಲ್ಲಿ ಒಂದೊಂದು ವರ್ಷ ಹೆಚ್ಚುಕಮ್ಮಿ, 2025ರಲ್ಲಿ ಹನ್ನೊಂದು ದಿನ ಬಂದಿತ್ತು. ಈ ಹತ್ತು ದಿನದಲ್ಲೂ ಅರಮನೆ ದಿನಾ ತೆಗೆದಿರುತ್ತೆ ಅಂತ ಅಂದ್ಕೋಬೇಡಿ. ಅದು ಮ್ಯೂಸಿಯಂ ಹೌದು, ಆದ್ರೆ ನವರಾತ್ರಿಯಲ್ಲಿ ರಾಜಮನೆತನದವರ ಪೂಜೆ, ಖಾಸಗಿ ದರ್ಬಾರ್ ಎಲ್ಲಾ ಅಲ್ಲೇ ನಡೆಯುತ್ತೆ. ಪಾಡ್ಯದ ದಿನ ರಾಜಮನೆತನದ ಯದುವೀರ್ ಒಡೆಯರ್ ಅವರು ಸಿಂಹಾಸನ ಏರಿ ಖಾಸಗಿ ದರ್ಬಾರ್ ಮಾಡ್ತಾರಲ್ಲ, ಅವತ್ತು ಬೆಳಗ್ಗೆ ಹೊತ್ತು ಪ್ರವಾಸಿಗರಿಗೆ ಪ್ರವೇಶ ಇರಲ್ಲ. ಆಯುಧಪೂಜೆ ದಿನ ಪಟ್ಟದ ಕತ್ತಿ, ಪಟ್ಟದ ಆನೆ, ಪಟ್ಟದ ಕುದುರೆಗೆಲ್ಲಾ ಪೂಜೆ, ಅವತ್ತೂ ಬಂದ್. ವಿಜಯದಶಮಿ ದಿನವಂತೂ ಕೇಳೋದೇ ಬೇಡ. ಇದಲ್ಲದೆ ನವರಾತ್ರಿಗೆ ಮುಂಚೆ ಸಿಂಹಾಸನ ಜೋಡಿಸೋ ದಿನ, ಹಬ್ಬ ಮುಗಿದ ಮೇಲೆ ಬಿಚ್ಚಿ ಭದ್ರತಾ ಕೊಠಡಿಗೆ ಸೇರಿಸೋ ದಿನ ಕೂಡ ಕೆಲವು ಗಂಟೆ ಮುಚ್ಚಿರ್ತಾರೆ. ಯಾವ ದಿನ ಎಷ್ಟೊತ್ತು ಬಂದ್ ಅಂತ ಅರಮನೆ ಮಂಡಳಿಯವರು ನವರಾತ್ರಿಗೆ ಮುಂಚೆನೇ ಪ್ರಕಟಣೆ ಕೊಡ್ತಾರೆ, ಮೈಸೂರಿನ ಪೇಪರ್‌ಗಳಲ್ಲಿ ಬರುತ್ತೆ. ಅದನ್ನ ನೋಡ್ದೆ ಬಸ್ ಟಿಕೆಟ್ ಬುಕ್ ಮಾಡ್ಬೇಡಿ.

ನನ್ನ ಲೆಕ್ಕದಲ್ಲಿ ಒಳಗೆ ನೋಡೋಕೆ ಬೆಸ್ಟು ಅಂದ್ರೆ ನವರಾತ್ರಿಯ ಎರಡನೇ ದಿನದಿಂದ ಐದನೇ ದಿನದೊಳಗೆ ಬರೋ ವಾರದ ದಿನ. ಶನಿವಾರ ಭಾನುವಾರ ಬೇಡ್ವೇ ಬೇಡ. ಸರಸ್ವತಿ ಪೂಜೆ ಆಸುಪಾಸಿಂದ ಜನ ಏರ್ತಾ ಹೋಗುತ್ತೆ, ಕೊನೆ ಮೂರು ದಿನ ಊರಿಗೆ ಊರೇ ಜಾಮ್.

ಜಂಬೂಸವಾರಿ ನೋಡಲೇಬೇಕು ಅನ್ನೋರು ಎರಡು ಟ್ರಿಪ್ ಮಾಡಿ, ಇಲ್ಲಾ ಆಯುಧಪೂಜೆಗೆ ಎರಡು ದಿನ ಮುಂಚೆ ಬಂದು ಉಳ್ಕೊಳ್ಳಿ. ಎರಡೂ ಆಗಲ್ಲ, ಒಂದೇ ದಿನ ರಜಾ ಇರೋದು ಅಂದ್ರೆ ಬೇಜಾರು ಮಾಡ್ಕೋಬೇಡಿ, ಜಂಬೂಸವಾರಿನ ಟಿವಿಯಲ್ಲಿ ನೋಡಿ, ಮಧ್ಯದ ಒಂದು ದಿನ ಬಂದು ಅರಮನೆ ಪ್ಲಸ್ ಲೈಟಿಂಗ್ ನೋಡ್ಕೊಂಡು ಹೋಗಿ. ಸವಾರಿ ಟಿವಿಯಲ್ಲೇ ಚೆನ್ನಾಗಿ ಕಾಣೋದು ಅಂತ ನಮ್ಮಜ್ಜಿ ಹೇಳೋರು, ಅರಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಇದ್ಕೊಂಡು!

ಹಂತ 2: ಬರೋದು, ಉಳಿಯೋದು, ಗಾಡಿ ನಿಲ್ಲಿಸೋದು

ಬೆಂಗಳೂರಿಂದ ಬರೋರಿಗೆ ರೈಲೇ ಬೆಸ್ಟು. ಸ್ಟೇಷನ್ನಿಂದ ಅರಮನೆಗೆ ಎರಡು ಕಿಲೋಮೀಟರ್ ಒಳಗೆ, ದಸರಾ ದೀಪ ನೋಡ್ಕೊಂಡು ನಡ್ಕೊಂಡೇ ಬರಬಹುದು. ಬಸ್ಸಿಗೆ ಬಂದ್ರೆ ಸಬರ್ಬ್ ಬಸ್ ಸ್ಟ್ಯಾಂಡ್‌ನಿಂದ ಅರಮನೆ ಇನ್ನೂ ಹತ್ತಿರ, ಸಿಟಿ ಬಸ್ ಸ್ಟ್ಯಾಂಡ್ ಅಂತೂ ಅರಮನೆ ಪಕ್ಕದಲ್ಲೇ. ಕಾರಲ್ಲಿ ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆಗೆ ಬಂದ್ಬಿಡ್ತೀವಿ ಅಂತ ಹೊರಡ್ತಾರೆ, ಮೈಸೂರಿನ ತನಕ ಸರಿ, ಊರೊಳಗೆ ಬಂದ್ಮೇಲೆ ಉಳಿದ ನಾಲ್ಕು ಕಿಲೋಮೀಟರ್‌ಗೆ ಇನ್ನೊಂದು ಗಂಟೆ. ದಸರಾ ಸಂಜೆ ಅರಮನೆ ಸುತ್ತ ಒನ್ ವೇ ಮಾಡಿರ್ತಾರೆ, ಗೂಗಲ್ ಮ್ಯಾಪಿಗೆ ಅದು ಗೊತ್ತಿರಲ್ಲ, ಅದು ತೋರಿಸಿದ ಕಡೆ ಹೋಗಿ ಬ್ಯಾರಿಕೇಡಿಗೆ ಮೂಗು ತಾಗಿಸ್ಕೊಂಡು ನಿಲ್ತೀರ. ಬೈಕಲ್ಲಿ ಬರೋ ಹುಡುಗರಿಗೆ ಇನ್ನೊಂದು ಮಾತು, 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ ಬೈಕ್ ಬಿಡಲ್ಲ, ಸರ್ವಿಸ್ ರೋಡೇ ಗತಿ.

ಕಾರು ತರಲೇಬೇಕು ಅಂದ್ರೆ ಲಾಡ್ಜಲ್ಲೋ ನೆಂಟರ ಮನೆಯಲ್ಲೋ ನಿಲ್ಲಿಸಿ ಮರೆತುಬಿಡಿ, ಊರೊಳಗೆ ಆಟೋ, ಸಿಟಿ ಬಸ್ಸು, ಕಾಲು. ನಿಜ ಹೇಳ್ಬೇಕು ಅಂದ್ರೆ ಕಾಲೇ ಎಲ್ಲಕ್ಕಿಂತ ಸ್ಪೀಡು.

ರೂಮು ಒಂದು ತಿಂಗಳು ಮುಂಚೆನೇ ಬುಕ್ ಮಾಡಿ, ಆಯುಧಪೂಜೆ ವಿಜಯದಶಮಿಗೆ ರೇಟು ಡಬಲ್ ತ್ರಿಬಲ್ ಆಗುತ್ತೆ. ಸಿಗಲಿಲ್ಲ ಅಂದ್ರೆ ಶ್ರೀರಂಗಪಟ್ಟಣ, ನಂಜನಗೂಡು, ಮಂಡ್ಯ ನೋಡಿ, ಮೂರು ಕಡೆಯಿಂದಲೂ ರೈಲಿದೆ. ಶ್ರೀರಂಗಪಟ್ಟಣದಲ್ಲಿ ಉಳ್ಕೊಂಡ್ರೆ ಇನ್ನೊಂದು ಲಾಭ, 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿದ್ದೇ ಅಲ್ಲಿ, ಈಗಲೂ ಅಲ್ಲೊಂದು ಚಿಕ್ಕ ದಸರಾ ಮಾಡ್ತಾರೆ, ಜನ ಕಮ್ಮಿ, ಆನೆ ಹತ್ತಿರದಲ್ಲೇ ಕಾಣುತ್ತೆ.

ಹಂತ 3: ಅರಮನೆ ಒಳಗೆ (ಬೆಳಗ್ಗೆ, ಬೆಳಗ್ಗೆ, ಬೆಳಗ್ಗೆ)

ಮೂರು ಸಲ ಬರೆದಿದ್ದು ಬೇಕು ಅಂತಾನೇ. ಅರಮನೆ ಬೆಳಗ್ಗೆ 10ಕ್ಕೆ ತೆಗೆದು ಸಂಜೆ 5.30ಕ್ಕೆ ಮುಚ್ತಾರೆ. ನೀವು ಒಂಬತ್ತೂವರೆಗೆ ದಕ್ಷಿಣದ ವರಾಹ ಗೇಟ್ ಹತ್ರ ಇರ್ಬೇಕು, ಪ್ರವಾಸಿಗರು ಒಳಗೆ ಹೋಗೋದು ಅದರಲ್ಲೇ. ಪೂರ್ವಕ್ಕಿರೋ ಜಯಮಾರ್ತಾಂಡ ದೊಡ್ಡ ಬಾಗಿಲು, ಫೋಟೋದಲ್ಲಿ ಬರುತ್ತಲ್ಲ ಅದು, ಅಲ್ಲಿ ಹೋಗಿ ಟಿಕೆಟ್ ಕೇಳೋರು ದಿನಾ ನೂರಾರು ಜನ. ಹನ್ನೊಂದು ಗಂಟೆ ಮೇಲೆ ಊಟಿ ಕಡೆ ಹೋಗೋ ಟೂರಿಸ್ಟ್ ಬಸ್ಸು, ಸ್ಕೂಲ್ ಬಸ್ಸು ಎಲ್ಲಾ ಬಂದು ಸುರೀತಾವೆ, ಆಮೇಲೆ ನೀವು ನಡೆಯೋದಿಲ್ಲ, ಜನಾನೇ ನಿಮ್ಮನ್ನ ತಳ್ಕೊಂಡು ಹೋಗ್ತಾರೆ. ಟಿಕೆಟ್ ಭಾರತೀಯರಿಗೆ ನೂರು ರೂಪಾಯಿ ಆಸುಪಾಸು, ಆಗಾಗ ಏರಿಸ್ತಿರ್ತಾರೆ. ಆನ್‌ಲೈನಲ್ಲಿ ತಗೊಂಡಿದ್ರೆ ಕೌಂಟರ್ ಕ್ಯೂ ಒಂದು ತಪ್ಪುತ್ತೆ.

ಚಪ್ಪಲಿ ಹೊರಗೆ ಬಿಡ್ಬೇಕು. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಹಬ್ಬದ ಟೈಮಲ್ಲಿ ಅರಮನೆ ನೋಡಿದ್ದಕ್ಕಿಂತ ಚಪ್ಪಲಿ ಹುಡುಕಿದ್ದೇ ಜಾಸ್ತಿ ಹೊತ್ತು ಆಗಿರುತ್ತೆ ಎಷ್ಟೋ ಜನಕ್ಕೆ. ಮನೆಯವರದ್ದೆಲ್ಲಾ ಒಂದು ಬಟ್ಟೆ ಚೀಲಕ್ಕೆ ಹಾಕಿ ಸ್ಟ್ಯಾಂಡಲ್ಲಿ ಕೊಡಿ, ಟೋಕನ್ ಇಸ್ಕೊಂಡು ಅದರ ಫೋಟೋ ಹೊಡ್ಕೊಳ್ಳಿ. ಸಾಕ್ಸ್ ಹಾಕಿದ್ರೆ ಒಳ್ಳೇದು, ಮಧ್ಯಾಹ್ನದ ಹೊತ್ತಿಗೆ ಅಂಗಳದ ಕಲ್ಲು ಕಾದು ಹೆಂಚಾಗಿರುತ್ತೆ. ದೊಡ್ಡ ಬ್ಯಾಗ್ ತರಬೇಡಿ, ಚೆಕಿಂಗಲ್ಲಿ ನಿಮ್ಮಿಂದ ಹಿಂದಿನವರಿಗೂ ತಡ.

ಈಗ ಒಳಗೆ ಏನು ನೋಡ್ಬೇಕು ಅಂತ. ಮೊದಲು ಸಿಗೋದು ಗೊಂಬೆ ತೊಟ್ಟಿ. ಅಲ್ಲಿ ಜನ ದುಡುದುಡು ಅಂತ ಮುಂದೆ ಹೋಗ್ಬಿಡ್ತಾರೆ, ನೀವು ಹೋಗ್ಬೇಡಿ. ಹಳೇ ಮರದ ಅರಮನೆಯ ಒಂದು ಮಾದರಿ ಇಟ್ಟಿದ್ದಾರೆ ಅಲ್ಲಿ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಗಿದ್ದು ಅದೇ. ಈಗ ನಾವು ನೋಡೋ ಕಲ್ಲಿನ ಅರಮನೆ ಅದಾದ್ಮೇಲೆ ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ಆರ್ಕಿಟೆಕ್ಟ್ ಕೈಯಲ್ಲಿ ಕಟ್ಟಿಸಿದ್ದು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗಿನ್ನೂ ಚಿಕ್ಕವರು, ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ ರಾಜ್ಯ ನೋಡ್ಕೋತಿದ್ರು, ಕೆಲಸ ಶುರು ಮಾಡಿಸಿದ್ದು ಅವರೇ. 1912ಕ್ಕೆ ಮುಗೀತು, ನಲವತ್ತೊಂದು ಲಕ್ಷ ಚಿಲ್ಲರೆ ಖರ್ಚು. ಮರದ್ದು ಸುಟ್ಟ ಅನುಭವ ಇತ್ತಲ್ಲ, ಅದಕ್ಕೇ ಈ ಸಲ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ. ಆ ಮಾದರಿ ಮುಂದೆ ಎರಡು ನಿಮಿಷ ನಿಂತು ನೋಡಿ ಒಳಗೆ ಹೋದ್ರೆ ಮುಂದೆ ಕಾಣೋ ಒಂದೊಂದು ಕಬ್ಬಿಣದ ಕಂಬಾನೂ ಯಾಕಿದೆ ಅಂತ ಅರ್ಥ ಆಗುತ್ತೆ.

ಚಿನ್ನದ ಅಂಬಾರಿನೂ ಈ ಕಡೆನೇ ಇಟ್ಟಿರ್ತಾರೆ, ಸುಮಾರು 750 ಕೆಜಿ ತೂಕ. ಪೂರ್ತಿ ಚಿನ್ನ ಅಂತ ತಿಳ್ಕೊಂಡಿರ್ತಾರೆ ಜನ, ಅಲ್ಲ, ಒಳಗೆ ಮರದ ಚೌಕಟ್ಟು, ಮೇಲೆ ಚಿನ್ನದ ತಗಡು. ಹಬ್ಬದ ಕೊನೆ ದಿನಗಳಲ್ಲಿ ಸವಾರಿಗೆ ರೆಡಿ ಮಾಡೋಕೆ ಎತ್ತಿರ್ತಾರೆ, ಕಾಣದೇ ಇದ್ರೆ ಗಾಬರಿ ಬೇಡ.

ಆಮೇಲೆ ಕಲ್ಯಾಣ ಮಂಟಪ. ಎಂಟು ಮೂಲೆಯ ಹಾಲ್, ಮೇಲೆ ನವಿಲಿನ ಬಣ್ಣದ ಗಾಜಿನ ಛಾವಣಿ, ಕಂಬ ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಲ್ಲಿ ಬಂದಿದ್ದು. ಎಲ್ಲರೂ ಇಲ್ಲಿ ಕತ್ತು ಮೇಲೆ ಎತ್ಕೊಂಡು ಮೊಬೈಲ್ ಎತ್ತಿ ನಿಂತಿರ್ತಾರೆ. ನೀವು ಗೋಡೆ ನೋಡಿ. ಸುತ್ತಲೂ ದಸರಾ ಮೆರವಣಿಗೆಯ ಪೇಂಟಿಂಗ್‌ಗಳು, ಫೋಟೋ ನೋಡ್ಕೊಂಡು ಬರೆದಿದ್ದು, ಕುದುರೆ ಸವಾರರು, ಬ್ಯಾಂಡಿನವರು, ಅಂಬಾರಿಯಲ್ಲಿ ಕೂತ ಮಹಾರಾಜರು, ರಸ್ತೆ ಬದಿಯ ಜನ. ಆಗ ಅಂಬಾರಿಯಲ್ಲಿ ಮಹಾರಾಜರೇ ಕೂರ್ತಿದ್ರು, ಈಗ ಚಾಮುಂಡೇಶ್ವರಿ ಅಮ್ಮನವರ ಉತ್ಸವಮೂರ್ತಿ. ಆ ಚಿತ್ರಗಳನ್ನ ಒಂದು ಸುತ್ತು ನೋಡ್ಕೊಂಡು ಹೋದ್ರೆ ಆಮೇಲೆ ರೋಡಲ್ಲಿ ಸವಾರಿ ನೋಡೋವಾಗ ಯಾವುದರ ಹಿಂದೆ ಯಾವುದು ಯಾಕೆ ಬರುತ್ತೆ ಅಂತ ಗೊತ್ತಾಗುತ್ತೆ. ನನ್ನ ಕೇಳಿದ್ರೆ ಇಡೀ ಅರಮನೆಯಲ್ಲಿ ದಸರಾಗೆ ಬಂದವರು ಬಿಡದೇ ನೋಡ್ಬೇಕಾಗಿದ್ದು ಈ ಗೋಡೆಗಳನ್ನೇ, ಅತಿ ಕಮ್ಮಿ ಜನ ನೋಡೋದೂ ಇವನ್ನೇ.

ಅಲ್ಲಿಂದ ಮೆಟ್ಟಿಲು ಹತ್ತಿ ಮೇಲೆ ದರ್ಬಾರ್ ಹಾಲ್, ಆಮೇಲೆ ರಾಜರ ಖಾಸಗಿ ದರ್ಬಾರ್ ನಡೀತಿದ್ದ ಅಂಬಾವಿಲಾಸ. ಮೆಟ್ಟಿಲಲ್ಲಿ ನೂಕುನುಗ್ಗಲು ಜಾಸ್ತಿ, ವಯಸ್ಸಾದವರ ಕೈ ಹಿಡ್ಕೊಂಡು ಗೋಡೆ ಕಡೆ ಹತ್ತಿಸಿ. ದರ್ಬಾರ್ ಹಾಲ್ ಪೂರ್ವಕ್ಕೆ ಪೂರ್ತಿ ತೆರೆದಿದೆ, ಗಾಳಿ ಬರುತ್ತೆ, ಅಲ್ಲಿ ಸ್ವಲ್ಪ ಸುಧಾರಿಸ್ಕೊಳ್ಳಿ. ರತ್ನಸಿಂಹಾಸನ ವರ್ಷದಲ್ಲಿ ನವರಾತ್ರಿಗೆ ಮಾತ್ರ ಹೊರಗೆ ಬರೋದು, ಕೆಲವು ವರ್ಷ ಬೇರೆ ಟಿಕೆಟ್ ಇಟ್ಟು ತೋರಿಸಿದ್ದಾರೆ, ನೀವು ಬಂದಾಗ ಅವಕಾಶ ಇದ್ರೆ ಮಿಸ್ ಮಾಡ್ಬೇಡಿ, ಇನ್ನು ಹನ್ನೊಂದು ತಿಂಗಳು ನೋಡೋಕೆ ಸಿಗಲ್ಲ. ಅಂಬಾವಿಲಾಸದಲ್ಲಿ ದಂತದ ಕೆತ್ತನೆ ಕೂರಿಸಿರೋ ಬೀಟೆ ಮರದ ಬಾಗಿಲು, ಬೆಳ್ಳಿ ಬಾಗಿಲು ನೋಡಿ, ಕೈಯಿಟ್ಟು ಸವರಬೇಡಿ ದಯವಿಟ್ಟು.

ಆರಾಮಾಗಿ ನೋಡಿದ್ರೆ ಒಂದೂವರೆ ಗಂಟೆ ಸಾಕು. ಹೊರಗೆ ಬಂದ ತಕ್ಷಣ ಗೇಟ್ ಕಡೆ ಓಡ್ಬೇಡಿ, ಕಾಂಪೌಂಡ್ ಒಳಗೇ ಶ್ವೇತವರಾಹಸ್ವಾಮಿ, ತ್ರಿನೇಶ್ವರ, ಲಕ್ಷ್ಮೀರಮಣ, ಭುವನೇಶ್ವರಿ ಅಂತ ಎಷ್ಟೊಂದು ದೇವಸ್ಥಾನ ಇವೆ, ನೆರಳಿದೆ, ಜನ ಇಲ್ಲ, ಮಕ್ಕಳನ್ನ ಕೂರಿಸೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ವರಾಹಸ್ವಾಮಿ ಗುಡಿಯ ಬಾಗಿಲುವಾಡದ ಕೆತ್ತನೆ ನೋಡಿದ್ರೆ ಇದು ಹೊಯ್ಸಳರದ್ದು ಅಲ್ವಾ ಅಂತ ನಿಮಗೇ ಅನ್ಸುತ್ತೆ.

ಅರಮನೆ ಬಂದ್ ಇರೋ ದಿನಾನೇ ಬಂದು ಸಿಕ್ಕಿಹಾಕ್ಕೊಂಡ್ರೆ ನಡ್ಕೊಂಡು ಜಗನ್ಮೋಹನ ಅರಮನೆಗೆ ಹೋಗಿ, ಹೊಸ ಅರಮನೆ ಏಳೋ ತನಕ ರಾಜಮನೆತನದವರು ಇದ್ದಿದ್ದು ಅಲ್ಲೇ. ರವಿವರ್ಮನ ಪೇಂಟಿಂಗ್‌ಗಳು, ಹಲ್ದಣ್ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಅಲ್ಲಿರೋದು.

ಆನೆಗಳ ಬಗ್ಗೆ ಒಂದು ಮಾತು

ದಸರಾ ಆನೆಗಳು ಆಗಸ್ಟ್ ಆಸುಪಾಸಲ್ಲೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಮುಗಿಸಿ ಬಂದಿರ್ತವೆ, ಅರಮನೆ ಆವರಣದಲ್ಲೇ ಬಿಡಾರ. ಮಾವುತರು, ಕಾವಾಡಿಗಳು, ಅವರ ಹೆಂಡತಿ ಮಕ್ಕಳು ಎಲ್ಲಾ ಅಲ್ಲೇ ಇರ್ತಾರೆ, ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ದೂರದಿಂದ ನೋಡಿ, ಬ್ಯಾರಿಕೇಡ್ ದಾಟಿ ಹೋಗಿ ಸೆಲ್ಫಿ, ರೀಲ್ಸು ಅಂತ ಶುರು ಮಾಡ್ಬೇಡಿ. ಎಷ್ಟೇ ಪಳಗಿದ್ರೂ ಆನೆ ಆನೆನೇ. 2024ರಲ್ಲಿ ಧನಂಜಯ ಮತ್ತು ಕಂಜನ್ ಅನ್ನೋ ಎರಡು ಆನೆ ರಾತ್ರಿ ಊಟದ ಹೊತ್ತಲ್ಲಿ ಜಗಳ ಆಡ್ಕೊಂಡು ಒಂದನ್ನೊಂದು ಅಟ್ಟಿಸ್ಕೊಂಡು ಜಯಮಾರ್ತಾಂಡ ಗೇಟ್ ದಾಟಿ ರೋಡಿಗೇ ಬಂದಿದ್ವು, ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ.

ಆನೆ ನೋಡೋ ಆಸೆ ಇರೋರಿಗೆ ಮೈಸೂರಿನವರು ಮಾಡೋದು ಹೇಳ್ತೀನಿ. ದಸರಾಗೆ ಮುಂಚಿನ ವಾರಗಳಲ್ಲಿ ದಿನಾ ಬೆಳಗ್ಗೆ ಸಂಜೆ ಆನೆಗಳಿಗೆ ತಾಲೀಮು ಇರುತ್ತೆ, ಅರಮನೆಯಿಂದ ಬನ್ನಿಮಂಟಪದ ತನಕ ಅದೇ ಸವಾರಿ ರೂಟಲ್ಲಿ ನಡೆಸ್ಕೊಂಡು ಹೋಗ್ತಾರೆ, ಮೊದಲು ಖಾಲಿ, ಆಮೇಲೆ ಮರಳು ಮೂಟೆ ಹೊರಿಸಿ, ಕೊನೆಕೊನೆಗೆ ಮರದ ಅಂಬಾರಿ ಕಟ್ಟಿ. ಬೆಳಗ್ಗೆ ಏಳರ ಹೊತ್ತಿಗೆ ಕೆ.ಆರ್. ಸರ್ಕಲ್ ಹತ್ರ ಕಾಫಿ ಕುಡ್ಕೊಂಡು ನಿಂತ್ರೆ ಸಾಕು, ಪಾಸಿಲ್ಲ, ಟಿಕೆಟ್ಟಿಲ್ಲ, ಅಭಿಮನ್ಯು ನಿಮ್ಮ ಮುಂದೆ ಹತ್ತು ಅಡಿ ದೂರದಲ್ಲಿ ಗಂಭೀರವಾಗಿ ನಡ್ಕೊಂಡು ಹೋಗ್ತಾನೆ. 2020ರಿಂದ ಚಿನ್ನದ ಅಂಬಾರಿ ಹೊರೋಕೆ ಶುರು ಮಾಡಿದವನು ಅವನೇ, ಅದಕ್ಕೆ ಮುಂಚೆ ಅರ್ಜುನ ಎಂಟು ವರ್ಷ, ಅವನಿಗಿಂತ ಮುಂಚೆ ಬಲರಾಮ. ಅರ್ಜುನ 2023ರ ಡಿಸೆಂಬರಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ತೀರ್ಕೊಂಡಾಗ ನಮ್ಮ ಬೀದಿಯಲ್ಲಿ ಮನೆಯವರೇ ಹೋದಂಗೆ ಅತ್ತೋರಿದ್ರು.

ಹಂತ 4: ರಾತ್ರಿ ದೀಪ

ಸುಮಾರು ಒಂದು ಲಕ್ಷ ಬಲ್ಬು. ವರ್ಷಪೂರ್ತಿ ಭಾನುವಾರ, ಸರ್ಕಾರಿ ರಜಾ ದಿನ ಸ್ವಲ್ಪ ಹೊತ್ತು ಹಾಕ್ತಾರೆ, ದಸರಾದಲ್ಲಿ ದಿನಾ ಸಂಜೆ ಏಳರಿಂದ ಹೆಚ್ಚು ಹೊತ್ತು. ಒಂದೇ ಏಟಿಗೆ ಸ್ವಿಚ್ ಹಾಕ್ತಾರಲ್ಲ, ಆ ಕ್ಷಣದಲ್ಲಿ ಇಡೀ ಆವರಣದ ಜನ "ಹೋ" ಅಂತಾರೆ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ, ಈಗಲೂ ಬಾಯಿ ತಾನಾಗೇ ತೆರೆದುಕೊಳ್ಳುತ್ತೆ. ಅದಕ್ಕೇ ಏಳಕ್ಕೆ ಮುಂಚೆನೇ ಒಳಗೆ ಇರ್ಬೇಕು, ಹತ್ತಿದ ಮೇಲೆ ಬಂದ್ರೆ ಅರ್ಧ ಮಜಾ ಹೋಯ್ತು.

ಸಂಜೆ ಆವರಣಕ್ಕೆ ಪ್ರವೇಶ ಫ್ರೀ. ಅರಮನೆ ಮುಂದೆ ದೊಡ್ಡ ವೇದಿಕೆ ಹಾಕಿ ದಿನಾ ಸಾಂಸ್ಕೃತಿಕ ಕಾರ್ಯಕ್ರಮ ಇರುತ್ತೆ, ಹಿಂದೂಸ್ತಾನಿ, ಕರ್ನಾಟಕ ಸಂಗೀತ, ನೃತ್ಯ, ಸುಗಮ ಸಂಗೀತ, ಬೇರೆ ಕಡೆ ಸಾವಿರಾರು ಕೊಟ್ಟು ಕೇಳೋ ಕಲಾವಿದರನ್ನ ಇಲ್ಲಿ ಪುಕ್ಕಟೆ ಕೇಳಬಹುದು. ಐದೂವರೆಗೆ ಒಳಗೆ ಬಂದು ಅರಮನೆಗೆ ಎದುರಾಗಿ, ವೇದಿಕೆಗೆ ಸ್ವಲ್ಪ ಓರೆಯಾಗಿ ಕೂತ್ಕೊಳ್ಳಿ, ಆಗ ಎರಡೂ ಕಾಣುತ್ತೆ. ಮುಂದಿನ ಕುರ್ಚಿಗಳು ಪಾಸಿನವರಿಗೆ, ಅಲ್ಲಿ ಕೂತು ಎಬ್ಬಿಸ್ಕೊಳ್ಳೋ ಮರ್ಯಾದೆ ಬೇಡ. ಫೋಟೋಗೆ ಬೆಸ್ಟ್ ಟೈಮ್ ದೀಪ ಹತ್ತಿದ ಮೊದಲ ಹತ್ತು ಹದಿನೈದು ನಿಮಿಷ, ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಉಳಿದಿರುತ್ತೆ, ಪೂರ್ತಿ ಕತ್ತಲಾದ್ರೆ ಮೊಬೈಲಲ್ಲಿ ಅರಮನೆ ಬರೀ ಹಳದಿ ಉಂಡೆ ಥರ ಬರುತ್ತೆ.

ಮಳೆ. ಇದನ್ನ ಯಾರೂ ಯೋಚನೆ ಮಾಡಲ್ಲ. ದಸರಾ ಬರೋದು ಸೆಪ್ಟೆಂಬರ್ ಕೊನೆ, ಅಕ್ಟೋಬರಲ್ಲಿ, ಸಂಜೆ ಮಳೆ ಬರೋ ಟೈಮೇ ಅದು. ಛತ್ರಿ ತಂದ್ರೆ ಹಿಂದಿನವರು ಬೈತಾರೆ, ನೂರು ರೂಪಾಯಿ ರೈನ್‌ಕೋಟ್ ತಗೊಂಡು ಬನ್ನಿ, ಮಳೆ ಇಲ್ದಿದ್ರೆ ಅದನ್ನೇ ಹಾಸ್ಕೊಂಡು ಕೂರಬಹುದು.

ಊರಿನ ಲೈಟಿಂಗ್ ನೋಡೋಕೆ ಕೆಎಸ್‌ಟಿಡಿಸಿಯವರ (ರಾಜ್ಯ ಪ್ರವಾಸೋದ್ಯಮ ನಿಗಮ) ಅಂಬಾರಿ ಡಬಲ್ ಡೆಕ್ಕರ್ ಬಸ್ ಇದೆ, ಮೇಲಿನ ಸೀಟು ಬೇಗ ಬುಕ್ ಆಗುತ್ತೆ. ಸಿಗದಿದ್ರೆ ನಡೀರಿ, ದೊಡ್ಡ ಗಡಿಯಾರದಿಂದ ಕೆ.ಆರ್. ಸರ್ಕಲ್, ಅಲ್ಲಿಂದ ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರ್ಕೆಟ್ಟು. ಹೂವು, ನಂಜನಗೂಡು ರಸಬಾಳೆ, ಮೈಸೂರು ಪಾಕು ಎಲ್ಲಾ ದಾರಿಯಲ್ಲೇ ಸಿಗುತ್ತೆ.

ಹಂತ 5: ಜಂಬೂಸವಾರಿ, ಧೈರ್ಯ ಇದ್ದವರಿಗೆ

ಸವಾರಿ ಅರಮನೆಯ ಉತ್ತರದ ಬಲರಾಮ ಗೇಟಿಂದ ಹೊರಟು ಚಾಮರಾಜ ಸರ್ಕಲ್, ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ಸರ್ಕಲ್, ಬಂಬೂ ಬಜಾರ್, ಹೈವೇ ಸರ್ಕಲ್ ಮೇಲೆ ಬನ್ನಿಮಂಟಪಕ್ಕೆ ಹೋಗುತ್ತೆ, ಹೆಚ್ಚುಕಮ್ಮಿ ಐದು ಕಿಲೋಮೀಟರ್. ಮುಖ್ಯಮಂತ್ರಿಗಳು ನಂದಿಧ್ವಜ ಪೂಜೆ ಮಾಡಿದ ಮೇಲೆ ಜಾನಪದ ತಂಡ, ಜಿಲ್ಲೆಜಿಲ್ಲೆಯ ಸ್ತಬ್ಧಚಿತ್ರ ಎಲ್ಲಾ ಮುಂದೆ ಹೋಗುತ್ತೆ, ಅಂಬಾರಿ ಬರೋದು ಎಲ್ಲಕ್ಕಿಂತ ಕೊನೆಗೆ. ಪುಷ್ಪಾರ್ಚನೆ ಆದಾಗ 21 ಕುಶಾಲು ತೋಪು ಹಾರಿಸ್ತಾರೆ, ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಕಿಟಾರನೆ ಕಿರುಚ್ತವೆ.

ನೋಡೋಕೆ ದಾರಿ ಎರಡು. ಒಂದು ದುಡ್ಡಿನ ದಾರಿ. ಗೋಲ್ಡ್ ಕಾರ್ಡ್, ಅರಮನೆ ಒಳಗಿನ ಸೀಟಿನ ಟಿಕೆಟ್ ದಸರಾದ ಅಧಿಕೃತ ವೆಬ್‌ಸೈಟಲ್ಲಿ ಬಿಡ್ತಾರೆ, ಸಾವಿರಾರು ರೂಪಾಯಿ, ಆದ್ರೂ ಬೇಗ ಖಾಲಿ. ಟಿಕೆಟ್ ಇದ್ರೂ ಹನ್ನೊಂದು ಗಂಟೆ ಒಳಗೆ ಸೀಟಲ್ಲಿ ಇರಿ. ಒಂದ್ಸಲ ನಮ್ಮ ಭಾವ ಪಾಸ್ ಇದೆ ಅಂತ ಊಟ ಮಾಡಿ ಮಧ್ಯಾಹ್ನ ಒಂದೂವರೆಗೆ ಹೋದ್ರು, ಗೇಟ್ ಮುಂದೆ ಪಾಸಿದ್ದವರದ್ದೇ ಒಂದು ಸಂತೆ, ಕೊನೆಗೆ ನಮ್ಮನೆಗೆ ವಾಪಸ್ ಬಂದು ಟಿವಿ ಹಾಕಿದ್ರು. ಬೀದಿಯಲ್ಲಿ ಯಾರೋ ಪಾಸ್ ಮಾರ್ತಾರೆ ಅಂತ ತಗೊಳ್ಳೋಕೆ ಹೋಗ್ಬೇಡಿ.

ಇನ್ನೊಂದು ನಮ್ಮಂಥವರ ದಾರಿ, ಫುಟ್‌ಪಾತು. ಸಯ್ಯಾಜಿರಾವ್ ರಸ್ತೆ ಬೇಕು ಅಂದ್ರೆ ಬೆಳಗ್ಗೆ ಎಂಟಕ್ಕೇ ಚಾಪೆ, ಪುಳಿಯೋಗರೆ, ನೀರು ತಗೊಂಡು ಹೋಗಿ ಕೂರ್ಬೇಕು, ಸಂಜೆ ತನಕ ಏಳೋ ಹಾಗಿಲ್ಲ. ಅಷ್ಟು ತಾಳ್ಮೆ ಇಲ್ದೋರು ಬಂಬೂ ಬಜಾರ್ ದಾಟಿ ಹೈವೇ ಸರ್ಕಲ್ ಕಡೆ ಹೋಗಿ, ರಸ್ತೆ ಅಗಲ, ಜನ ಅಷ್ಟು ಒತ್ತಾಗಿರಲ್ಲ, ಅಂಬಾರಿ ತಡವಾಗಿ ಬರುತ್ತೆ ಆದ್ರೆ ಪೂರ್ತಿ ಕಾಣುತ್ತೆ. ಕತ್ತಲಾಗೋ ಹೊತ್ತಿಗೆ ಬರೋದ್ರಿಂದ ಬೀದಿ ದೀಪದಲ್ಲಿ ಚಿನ್ನ ಹೊಳೆಯೋದು ನೋಡೋಕೆ ಬೇರೆನೇ. ಮರ ಹತ್ತೋದು, ಹಳೇ ಕಟ್ಟಡದ ಸಜ್ಜಾ ಮೇಲೆ ನಿಲ್ಲೋದು ಮಾಡ್ಬೇಡಿ. ಸಯ್ಯಾಜಿರಾವ್ ರಸ್ತೆಯ ಕಟ್ಟಡಗಳಿಗೆ ನೂರರ ಹತ್ತಿರ ವಯಸ್ಸಾಗಿದೆ, ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ 2012ರಲ್ಲಿ ತಾನಾಗೇ ಕುಸಿದು ಜನ ಸತ್ತಿದ್ದು ಈ ಊರು ಮರೆತಿಲ್ಲ.

ಅತಿ ಡೇಂಜರ್ ಟೈಮ್ ಯಾವುದು ಗೊತ್ತಾ? ಅಂಬಾರಿ ನಿಮ್ಮನ್ನ ದಾಟಿ ಹೋದ ತಕ್ಷಣದ ಹತ್ತು ನಿಮಿಷ. ಅಲ್ಲಿತನಕ ಕೂತಿದ್ದ ಜನ ಒಮ್ಮೆಲೇ ಎದ್ದು ಅದರ ಹಿಂದೆ ನುಗ್ಗುತ್ತಾರೆ, ಬ್ಯಾರಿಕೇಡ್ ಬೀಳೋದು, ಮಕ್ಕಳು ಕೈತಪ್ಪೋದು ಎಲ್ಲಾ ಆಗೋದು ಆಗ್ಲೇ. ನೀವು ಕೂತಲ್ಲೇ ಅರ್ಧ ಗಂಟೆ ಕೂತಿರಿ, ಉಳಿದ ಪುಳಿಯೋಗರೆ ತಿನ್ನಿ. ನಮ್ಮಕ್ಕನ ಮಗಳು ಆರು ವರ್ಷದವಳಿದ್ದಾಗ ಹೀಗೇ ತಪ್ಪಿಹೋಗಿ ಮುಕ್ಕಾಲು ಗಂಟೆ ನಮ್ಮ ಜೀವ ಬಾಯಿಗೆ ಬಂದಿತ್ತು, ಫೋನ್ ಮಾಡೋಣ ಅಂದ್ರೆ ನೆಟ್‌ವರ್ಕ್ ಸತ್ತೋಗಿತ್ತು. ಹೂವು ಮಾರೋ ಒಬ್ಬಮ್ಮ ಅವಳನ್ನ ಬುಟ್ಟಿ ಪಕ್ಕ ಕೂರಿಸ್ಕೊಂಡು ಕೈಗೊಂದು ಮಲ್ಲಿಗೆ ಮೊಳ ಕೊಟ್ಟಿದ್ರು. ಅವತ್ತಿಂದ ನಮ್ಮನೆ ರೂಲು: ಮಕ್ಕಳ ಜೇಬಲ್ಲಿ ಫೋನ್ ನಂಬರ್ ಬರೆದ ಚೀಟಿ, ಕೈಮೇಲೂ ಪೆನ್ನಲ್ಲಿ ಬರೆದಿರ್ಬೇಕು, ತಪ್ಪಿದ್ರೆ ಎಲ್ಲಿ ಸೇರೋದು ಅಂತ ಮೊದಲೇ ಜಾಗ ಗೊತ್ತು ಮಾಡಿರ್ಬೇಕು. ಆ ಜಾಗ ಕೆ.ಆರ್. ಸರ್ಕಲ್ ಪ್ರತಿಮೆ ಆಗಿರಬಾರದು, ಊರೆಲ್ಲಾ ಅಲ್ಲೇ ಇರುತ್ತೆ. ರೂಟಿಂದ ಎರಡು ಬೀದಿ ಒಳಗಿರೋ ಯಾವುದಾದ್ರೂ ದೇವಸ್ಥಾನ ಇಲ್ಲಾ ಸ್ಕೂಲ್ ಗೇಟ್ ಇಟ್ಕೊಳ್ಳಿ.

ಹೆಂಗಸರು, ವಯಸ್ಸಾದವರಿಗೆ ಟಾಯ್ಲೆಟ್ ಕಷ್ಟ, ಅದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ. ಕೂರೋ ಜಾಗ ಆರಿಸೋವಾಗಲೇ ಹತ್ತಿರದಲ್ಲಿ ಹೋಟೆಲ್ಲೋ ಆಸ್ಪತ್ರೆಯೋ ಇದೆಯಾ ನೋಡಿ. ಶುಗರ್ ಬಿಪಿ ಮಾತ್ರೆ ಜೇಬಲ್ಲೇ ಇರ್ಲಿ. ಒಡವೆ ಹಾಕ್ಕೊಂಡು ಬರೋದು ನಿಮ್ಮಿಷ್ಟ, ನಮ್ಮಮ್ಮ ಅಂತೂ ಸರ ಬಿಚ್ಚಿಟ್ಟೇ ಹೊರಡೋದು.

ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿಗೂ ಪಾಸು ಟಿಕೆಟ್ಟು ಬೇಕು. ಜಂಬೂಸವಾರಿ, ಪಂಜಿನ ಕವಾಯತು ಎರಡೂ ನೋಡ್ತೀವಿ ಅನ್ನೋದು ಕಷ್ಟ, ಮಧ್ಯದ ಐದು ಕಿಲೋಮೀಟರ್ ದಾಟೋಕೆ ಆಗಲ್ಲ. ಎರಡರಲ್ಲಿ ಒಂದು ಅಂದ್ರೆ ನಾನು ಕವಾಯತೇ ಅಂತೀನಿ, ಕೂತು ನೋಡಬಹುದು, ಪಂಜು ಹಿಡಿದ ಪೊಲೀಸರು ಕತ್ತಲಲ್ಲಿ ಅಕ್ಷರ ಮೂಡಿಸೋದು, ಬೈಕ್ ಸಾಹಸ ಎಲ್ಲಾ ಮಕ್ಕಳಿಗೆ ಜಂಬೂಸವಾರಿಗಿಂತ ಇಷ್ಟ ಆಗುತ್ತೆ. ಅವತ್ತು ರಾತ್ರಿ ಮಾತ್ರ ವಾಪಸ್ ಹೋಗೋ ಯೋಚನೆ ಇಟ್ಕೋಬೇಡಿ, ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋ ಕಾಲ ಮತ್ತೆ ಬಂದಿರುತ್ತೆ.

ಮಾರನೇ ದಿನ ಊರು ಖಾಲಿ ಹೊಡೀತಿರುತ್ತೆ, ರಸ್ತೆ ತುಂಬಾ ಬಾಳೆಎಲೆ, ಚಪ್ಪಲಿ, ನೀರಿನ ಬಾಟ್ಲು. ರಜಾ ಇದ್ರೆ ಇನ್ನೊಂದೆರಡು ದಿನ ಇರಿ. ಮಾವುತರು ಆನೆಗಳಿಗೆ ಸ್ನಾನ ಮಾಡಿಸಿ, ಅರಮನೆ ಮುಂದೆ ಪೂಜೆ ಆಗಿ, ಒಂದೊಂದನ್ನೇ ಲಾರಿ ಹತ್ತಿಸಿ ಕಾಡಿನ ಶಿಬಿರಕ್ಕೆ ಕಳಿಸ್ತಾರೆ, ಪಕ್ಕದ ಇನ್ನೊಂದು ಲಾರಿಯಲ್ಲಿ ಅವರ ಪಾತ್ರೆ, ಹಾಸಿಗೆ, ಮೈಸೂರಲ್ಲಿ ಕೊಂಡ ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ಸೈಕಲ್ಲು. ಅದನ್ನ ನೋಡೋಕೆ ಬೆಳಗ್ಗೆ ಹೋಗಿ, ಎಂಟೂವರೆ ಒಂಬತ್ತರ ಒಳಗೆ, ಬಿಸಿಲೇರಿದ ಮೇಲೆ ಲಾರಿಗಳು ಹೊರಟುಬಿಟ್ಟಿರ್ತವೆ.